ಪ್ರೆಗ್ನೆನ್ಸಿ ಕಿಟ್‌ನಲ್ಲೂ ಓಡುತ್ತಂತೆ ಡೂಮ್! 1993ರ ಈ ಗೇಮ್ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

ಗರ್ಭ ಪರೀಕ್ಷೆ ಮಾಡುವ ಕಿಟ್‌ನ ಪುಟಾಣಿ ಪರದೆಯ ಮೇಲೆ ವಿಡಿಯೋ ಗೇಮ್ ಓಡುತ್ತಿರುವ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು. ಟ್ರ್ಯಾಕ್ಟರ್‌ನ ಡಿಸ್‌ಪ್ಲೇಯಲ್ಲಿ, ಪ್ರಿಂಟರ್‌ನಲ್ಲಿ, ಆಲೂಗಡ್ಡೆಯ ಕರೆಂಟಿನಲ್ಲಿ, ಕೊನೆಗೆ ಬ್ಯಾಕ್ಟೀರಿಯಾದ ಮೇಲೂ ಅದೇ ಗೇಮ್! ಅದರ ಹೆಸರು 'ಡೂಮ್'.

ಇದೇ ಹೆಸರು ಇನ್ನೊಂದು ಬಗೆಯ ಸಂದೇಶದಲ್ಲೂ ಕಾಣಿಸುತ್ತದೆ. ಅಮೆರಿಕದ ಶಾಲೆಯೊಂದರಲ್ಲಿ ಗುಂಡು ಹಾರಿಸಿದ ಹುಡುಗರು ಈ ಗೇಮ್‌ನಲ್ಲೇ ತಮ್ಮ ಶಾಲೆಯನ್ನು ಕಟ್ಟಿಕೊಂಡು ತಾಲೀಮು ನಡೆಸಿದ್ದರು, ಆದ್ದರಿಂದ ಶೂಟಿಂಗ್ ಗೇಮ್ ಆಡುವ ಮಕ್ಕಳು ಕೊಲೆಗಾರರಾಗುತ್ತಾರೆ ಎನ್ನುವ ಸಂದೇಶ ಅದು.

ಒಂದರಲ್ಲಿ ಡೂಮ್ ಪವಾಡ, ಇನ್ನೊಂದರಲ್ಲಿ ಪಿಶಾಚಿ. ಎರಡರಲ್ಲೂ ಒಂದು ಎಳೆ ನಿಜವಿದೆ, ಉಳಿದದ್ದು ಒಗ್ಗರಣೆ. 30 ವರ್ಷ ದಾಟಿದ ಈ ಗೇಮ್ ಗೇಮಿಂಗ್ ಲೋಕಕ್ಕೆ ಯಾಕೆ ಇಷ್ಟು ಮುಖ್ಯ ಎಂದು ತಿಳಿದರೆ ಯಾವುದು ನಿಜ, ಯಾವುದು ಒಗ್ಗರಣೆ ಎಂದು ನೀವೇ ಬೇರ್ಪಡಿಸಬಹುದು. ಬನ್ನಿ, ನೋಡೋಣ.

ಏನಿದು ಡೂಮ್?

ಡೂಮ್ ಬಿಡುಗಡೆಯಾದದ್ದು 1993ರ ಡಿಸೆಂಬರ್ 10ರಂದು. ಮಾಡಿದ್ದು ಅಮೆರಿಕದ ಟೆಕ್ಸಸ್‌ನ 'ಇಡ್ ಸಾಫ್ಟ್‌ವೇರ್' ಎಂಬ ಸಣ್ಣ ಕಂಪನಿ. ಅದರ ಪ್ರೋಗ್ರಾಮಿಂಗ್‌ನ ಬೆನ್ನೆಲುಬು ಜಾನ್ ಕಾರ್ಮ್ಯಾಕ್. ಆಟದ ವಿನ್ಯಾಸದಲ್ಲಿ ದೊಡ್ಡ ಹೆಸರು ಜಾನ್ ರೊಮೆರೊ.

ಕತೆ ತುಂಬಾ ಸರಳ. ಮಂಗಳ ಗ್ರಹದ ಉಪಗ್ರಹ ಫೋಬೋಸ್‌ನಲ್ಲಿ ನಡೆಯುತ್ತಿದ್ದ ಪ್ರಯೋಗವೊಂದು ಎಡವಟ್ಟಾಗಿ ನರಕದ ಬಾಗಿಲು ತೆರೆದುಕೊಳ್ಳುತ್ತದೆ. ಅಲ್ಲಿಂದ ನುಗ್ಗುವ ರಾಕ್ಷಸರ ಎದುರು ಒಬ್ಬನೇ ಸೈನಿಕ. ಆ ಸೈನಿಕನ ಕಣ್ಣಿನಿಂದಲೇ ನಾವು ಎಲ್ಲವನ್ನೂ ನೋಡುತ್ತೇವೆ. ಪರದೆಯ ಕೆಳಗೆ ಕಾಣುವ ಬಂದೂಕು ನಮ್ಮ ಕೈಯಲ್ಲೇ ಇದ್ದಂತೆ ಅನ್ನಿಸುತ್ತದೆ. ಇಂಥ ಆಟಗಳನ್ನು ಈಗ 'ಫಸ್ಟ್ ಪರ್ಸನ್ ಶೂಟರ್' ಎನ್ನುತ್ತಾರೆ. ಆ ಹೆಸರು ಗಟ್ಟಿಯಾಗುವ ಮುನ್ನ ಹಲವು ವರ್ಷ ಇಂಥ ಆಟಗಳನ್ನೆಲ್ಲ 'ಡೂಮ್ ಕ್ಲೋನ್', ಅಂದರೆ ಡೂಮ್‌ನ ನಕಲು ಎಂದೇ ಕರೆಯುತ್ತಿದ್ದರು!

ಆಮೇಲೆ ಇದು ಒಂದು ಸರಣಿಯಾಗಿ ಬೆಳೆಯಿತು. 1994ರಲ್ಲಿ ಡೂಮ್ 2, 2004ರಲ್ಲಿ ಡೂಮ್ 3, 2016ರಲ್ಲಿ ಹೊಸ ರೂಪದ ಡೂಮ್, 2020ರಲ್ಲಿ ಡೂಮ್ ಎಟರ್ನಲ್, 2025ರಲ್ಲಿ ಡೂಮ್: ದಿ ಡಾರ್ಕ್ ಏಜಸ್ ಬಂದವು.

ಜಗತ್ತಿನ ಮೊದಲ ಶೂಟರ್ ಗೇಮ್ ಇದೇನಾ?

ಅಲ್ಲ. ಆಟಗಾರನ ಕಣ್ಣಿನಿಂದ ನೋಡುವ 'ಮೇಜ್ ವಾರ್' ಎಂಬ ಆಟ 1970ರ ದಶಕದಲ್ಲೇ ಇತ್ತು. ಇಡ್ ಕಂಪನಿಯೇ 1992ರಲ್ಲಿ 'ವುಲ್ಫೆನ್‌ಸ್ಟೈನ್ 3ಡಿ' ಬಿಟ್ಟು ಹೆಸರು ಮಾಡಿತ್ತು. ಆದರೆ ಆ ಆಟದಲ್ಲಿ ಎಲ್ಲ ಗೋಡೆಗಳೂ ಒಂದೇ ಎತ್ತರ, ಎಲ್ಲ ಮೂಲೆಗಳೂ 90 ಡಿಗ್ರಿ, ಎಲ್ಲೆಡೆ ಒಂದೇ ಬೆಳಕು. ಡೂಮ್‌ನಲ್ಲಿ ಮೆಟ್ಟಿಲು, ಓರೆ ಗೋಡೆ, ಎತ್ತರ ತಗ್ಗಿನ ನೆಲ, ಮಿಣುಕುವ ದೀಪ, ಕತ್ತಲ ಮೂಲೆ ಎಲ್ಲವೂ ಬಂದವು. ಕತ್ತಲಲ್ಲಿ ಎಲ್ಲೋ ರಾಕ್ಷಸ ಗುರುಗುಟ್ಟಿದರೆ ಆಡುವವರ ಎದೆ ಡವಡವ ಎನ್ನುತ್ತಿತ್ತು.

ಅಷ್ಟು ಸಾಧಾರಣ ಕಂಪ್ಯೂಟರ್‌ನಲ್ಲಿ ಅಷ್ಟು ವೇಗ ಹೇಗೆ?

ಡೂಮ್ ಆಡಲು ಬೇಕಿದ್ದದ್ದು 386 ಪ್ರೊಸೆಸರ್ ಮತ್ತು 4 ಎಂಬಿ ರ‍್ಯಾಮ್. ಗಿಗಾಬೈಟ್ ಅಲ್ಲ, 4 ಮೆಗಾಬೈಟ್. ಇಂದು 4 ಜಿಬಿ ರ‍್ಯಾಮ್ ಇರುವ ಸಾಮಾನ್ಯ ಮೊಬೈಲ್‌ನಲ್ಲಿ ಅದರ ಸಾವಿರ ಪಟ್ಟು ಇರುತ್ತದೆ. ಅಷ್ಟರಲ್ಲೇ ಡೂಮ್ ಸರಾಗವಾಗಿ ಓಡಲು ಕೆಲವು ಜಾಣ ಉಪಾಯಗಳಿದ್ದವು.

ಮೊದಲನೆಯದು, ಡೂಮ್ ನಿಜವಾದ 3ಡಿ ಅಲ್ಲವೇ ಅಲ್ಲ! ಅದರ ಲೆವೆಲ್‌ಗಳು ಮನೆ ಕಟ್ಟುವಾಗ ಇಂಜಿನಿಯರ್ ಬರೆದುಕೊಡುವ ಪ್ಲಾನ್‌ನಂತೆ ಚಪ್ಪಟೆ ನಕ್ಷೆಗಳು. ಪ್ರತಿ ಕೋಣೆಗೂ ನೆಲದ ಎತ್ತರ ಎಷ್ಟು, ಸೂರಿನ ಎತ್ತರ ಎಷ್ಟು ಎಂಬ ಎರಡು ಅಂಕಿ ಕೊಟ್ಟಿರುತ್ತಾರೆ. ಹಾಗಾಗಿ ಹಳೆಯ ಡೂಮ್‌ನಲ್ಲಿ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇರಲು ಸಾಧ್ಯವೇ ಇಲ್ಲ. ರಾಕ್ಷಸರೂ ಚಪ್ಪಟೆ ಚಿತ್ರಗಳೇ. ಕೆಲವು ರಾಕ್ಷಸರ ಮಣ್ಣಿನ ಬೊಂಬೆ ಮಾಡಿ, ಬೇರೆ ಬೇರೆ ಕೋನಗಳಿಂದ ಚಿತ್ರ ಹಿಡಿದು ಆಟಕ್ಕೆ ಸೇರಿಸಿದ್ದರು.

ಎರಡನೆಯ ಉಪಾಯದ ಹೆಸರು 'ಬೈನರಿ ಸ್ಪೇಸ್ ಪಾರ್ಟಿಷನಿಂಗ್'. ಹೆಸರು ದೊಡ್ಡದು, ವಿಷಯ ಹೊಲ ಪಾಲು ಮಾಡಿದಷ್ಟೇ ಸುಲಭ. ಒಂದು ಹೊಲಕ್ಕೆ ಅಡ್ಡಲಾಗಿ ಒಂದು ಬದು ಹಾಕಿದರೆ ಎರಡು ಪಾಲು. ಪ್ರತಿ ಪಾಲಿಗೂ ಮತ್ತೊಂದು ಬದು ಹಾಕಿದರೆ ನಾಲ್ಕು. ಹೀಗೆ ಹಾಕುತ್ತಾ ಹೋಗಿ, ಯಾವ ಬದುವಿನ ಆಚೆ ಯಾವ ಪಾಲು ಎಂದು ಪಟ್ಟಿ ಬರೆದಿಟ್ಟುಕೊಳ್ಳಿ. ಆಮೇಲೆ ನೀವು ಹೊಲದ ಎಲ್ಲೇ ನಿಂತರೂ ಯಾವ ಪಾಲು ಹತ್ತಿರ, ಯಾವುದು ಅದರ ಹಿಂದೆ ಎಂದು ಪಟ್ಟಿ ನೋಡಿ ತಟ್ಟನೆ ಹೇಳಬಹುದು.

ಡೂಮ್ ಮಾಡುವುದೂ ಇದನ್ನೇ. ಲೆವೆಲ್ ಮಾಡುವಾಗಲೇ ಪಾಲು ಪಟ್ಟಿ ಸಿದ್ಧವಾಗಿರುತ್ತದೆ. ಆಡುವಾಗ ಹತ್ತಿರದ ಗೋಡೆಯಿಂದ ಶುರುಮಾಡಿ ದೂರದ ಕಡೆಗೆ ಬಿಡಿಸುತ್ತಾ ಹೋಗುತ್ತದೆ. ಪರದೆಯ ಯಾವ ಭಾಗ ಆಗಲೇ ತುಂಬಿದೆಯೋ ಅದರ ಹಿಂದಿನ ಗೋಡೆಯನ್ನು ಬಿಡಿಸುವ ಗೋಜಿಗೇ ಹೋಗುವುದಿಲ್ಲ. ಕಾಣದ್ದಕ್ಕೆ ಶ್ರಮ ಹಾಕುವುದೇ ಇಲ್ಲ! ಈ ಲೆಕ್ಕವನ್ನು ಕಾರ್ಮ್ಯಾಕ್ ಕಂಡುಹಿಡಿದದ್ದಲ್ಲ. ಫುಕ್ಸ್, ಕೆಡೆಮ್, ನೇಲರ್ ಎಂಬ ಮೂವರು ಸಂಶೋಧಕರು 1980ರಲ್ಲೇ ಇದರ ಬಗ್ಗೆ ಪ್ರಬಂಧ ಬರೆದಿದ್ದರು. ಪ್ರಬಂಧದಲ್ಲಿದ್ದ ಗಣಿತವನ್ನು ಮನೆಯ ಕಂಪ್ಯೂಟರಿನ ಆಟಕ್ಕೆ ಇಳಿಸಿದ್ದು ಡೂಮ್‌ನ ಹೆಚ್ಚುಗಾರಿಕೆ.

ಮೊದಲ ಭಾಗ ಫ್ರೀ, ಇಷ್ಟವಾದರೆ ದುಡ್ಡು

ಈಗ 'ಫ್ರೀ ಡೌನ್‌ಲೋಡ್' ಎಂದರೆ ಯಾರಿಗೂ ಆಶ್ಚರ್ಯವಿಲ್ಲ. 1993ರಲ್ಲಿ ಗೇಮ್ ಎಂದರೆ ಅಂಗಡಿಗೆ ಹೋಗಿ ಡಬ್ಬಿ ಕೊಳ್ಳಬೇಕಿತ್ತು. ಡೂಮ್‌ನಲ್ಲಿ ಮೂರು ಭಾಗಗಳಿದ್ದವು. ಮೊದಲ ಭಾಗದ 9 ಲೆವೆಲ್‌ಗಳನ್ನು ಕಂಪನಿ ಪೂರ್ತಿ ಉಚಿತವಾಗಿ ಬಿಟ್ಟಿತು. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಿತ್ತು. ಉಳಿದ ಎರಡು ಭಾಗ ಬೇಕಿದ್ದರೆ ನೇರವಾಗಿ ಕಂಪನಿಗೆ ದುಡ್ಡು ಕಳಿಸಬೇಕಿತ್ತು. ಇದಕ್ಕೆ 'ಶೇರ್‌ವೇರ್' ಎಂದು ಹೆಸರು. ಡೂಮ್‌ಗಿಂತ ಮೊದಲೂ ಈ ಪದ್ಧತಿ ಇತ್ತು, ಆದರೆ ಅದರ ತಾಕತ್ತು ಜಗತ್ತಿಗೆ ಗೊತ್ತಾದದ್ದು ಡೂಮ್‌ನಿಂದ.

ಬಿಡುಗಡೆಯ ದಿನ ಇದನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸರ್ವರ್‌ಗೆ ಏರಿಸಬೇಕಿತ್ತು. ಕಾದು ಕುಳಿತವರ ನೂಕುನುಗ್ಗಲು ಎಷ್ಟಿತ್ತೆಂದರೆ, ಗೇಮ್ ಮಾಡಿದವರಿಗೇ ಒಳಹೋಗಲು ಜಾಗ ಸಿಗಲಿಲ್ಲ! ಅಂದಿನ ಫಾರ್ವರ್ಡ್ ಎಂದರೆ ಫ್ಲಾಪಿ ಡಿಸ್ಕ್. ಗೆಳೆಯರಿಂದ ಗೆಳೆಯರಿಗೆ, ಕಾಲೇಜಿನಿಂದ ಆಫೀಸಿಗೆ ಡೂಮ್ ಹರಡಿತು.

ಆಫೀಸು, ಕಾಲೇಜುಗಳಲ್ಲಿ ಇನ್ನೊಂದು ಮಜಾ ಇತ್ತು. ನೆಟ್‌ವರ್ಕ್ ಮೂಲಕ ಒಮ್ಮೆಗೆ ನಾಲ್ಕು ಜನ ಸೇರಿ ಆಡಬಹುದಿತ್ತು. ಒಬ್ಬರನ್ನೊಬ್ಬರು ಬೇಟೆಯಾಡುವ ಈ ಬಗೆಗೆ ರೊಮೆರೊ ಇಟ್ಟ ಹೆಸರು 'ಡೆತ್‌ಮ್ಯಾಚ್'. ಮೊದಲ ಆವೃತ್ತಿಗಳು ಸಂದೇಶಗಳನ್ನು ನೆಟ್‌ವರ್ಕ್‌ನ ಎಲ್ಲ ಕಂಪ್ಯೂಟರ್‌ಗಳಿಗೂ ಎಸೆಯುತ್ತಿದ್ದವು. ನಾಲ್ವರು ಆಡಲು ಕೂತರೆ ಇಡೀ ಕಟ್ಟಡದ ನೆಟ್‌ವರ್ಕ್ ಜಾಮ್! ಹಲವು ಕಡೆ ಡೂಮ್‌ಗೆ ನಿಷೇಧ ಬಿತ್ತು. ಮುಂದಿನ ಆವೃತ್ತಿಯಲ್ಲಿ ಕಂಪನಿ ಇದನ್ನು ಸರಿಪಡಿಸಿತು.

ಬಾಗಿಲು ತೆರೆದಿಟ್ಟ ಗೇಮ್

ಡೂಮ್‌ನ ಅಸಲಿ ಮಹತ್ವ ಇರುವುದು ಇಲ್ಲಿ. ಆಟ ಓಡಿಸುವ ಪ್ರೋಗ್ರಾಂ ಒಂದು ಕಡೆ, ಆಟದ ನಕ್ಷೆ, ಚಿತ್ರ, ಸದ್ದುಗಳೆಲ್ಲ 'ವ್ಯಾಡ್' ಎಂಬ ಬೇರೆ ಫೈಲ್‌ನಲ್ಲಿ. ಒಂದೇ ಒಲೆ, ಪಾತ್ರೆಯಲ್ಲಿ ಏನು ಹಾಕುತ್ತೀರೋ ಆ ಅಡುಗೆ! ಹಾಗಾಗಿ ಮೂಲ ಪ್ರೋಗ್ರಾಂ ಮುಟ್ಟದೆಯೇ ಯಾರು ಬೇಕಾದರೂ ಹೊಸ ಲೆವೆಲ್ ಕಟ್ಟಬಹುದಿತ್ತು, ರಾಕ್ಷಸನ ಬದಲು ಬೇರೆ ಬೊಂಬೆ ನಿಲ್ಲಿಸಬಹುದಿತ್ತು. ಸಾವಿರಾರು ಜನ ಹೀಗೇ ಮಾಡಿದರು. 'ಮಾಡ್' ಎಂದು ಇಂದು ಗೇಮರ್‌ಗಳು ಹೇಳುವ ಈ ಸಂಸ್ಕೃತಿ ಬಲವಾಗಿ ಬೇರು ಬಿಟ್ಟದ್ದು ಡೂಮ್‌ನಲ್ಲಿ. ಅಮೆರಿಕದ ಮರೀನ್ ಸೈನಿಕರು ಕೂಡ ಡೂಮ್ 2 ಅನ್ನು ಬದಲಿಸಿ, ತಂಡವಾಗಿ ಕೆಲಸ ಮಾಡುವುದನ್ನು ಅಭ್ಯಾಸ ಮಾಡಲು 'ಮರೀನ್ ಡೂಮ್' ಮಾಡಿಕೊಂಡಿದ್ದರು.

1997ರ ಡಿಸೆಂಬರ್‌ನಲ್ಲಿ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಡೂಮ್‌ನ ಸೋರ್ಸ್ ಕೋಡ್ ಅನ್ನೇ ಪ್ರಕಟಿಸಿತು. 1999ರಲ್ಲಿ ಅದನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಗೆ ತಂದಿತು. ಹೋಟೆಲ್‌ನವರು ತಮ್ಮ ಹೆಸರುವಾಸಿ ಸಾಂಬಾರಿನ ಪುಡಿಯ ಲೆಕ್ಕವನ್ನು ಗೋಡೆಗೆ ಬರೆದು ಹಾಕಿದಂತೆ!

ಈ ಬಳ್ಳಿ ಎಲ್ಲೆಲ್ಲಿ ಹಬ್ಬಿತು ನೋಡಿ. ವಿಂಡೋಸ್ 95ಗೆ ಡೂಮ್ ಅನ್ನು ಒಗ್ಗಿಸಿದ ಮೈಕ್ರೋಸಾಫ್ಟ್ ತಂಡದ ಮುಂದಾಳು ಗೇಬ್ ನ್ಯೂವೆಲ್. ಅವರು 1996ರಲ್ಲಿ ಸಹೋದ್ಯೋಗಿಯ ಜೊತೆ ಹೊರಬಂದು 'ವಾಲ್ವ್' ಕಂಪನಿ ಕಟ್ಟಿದರು. ವಾಲ್ವ್‌ನ ಮೊದಲ ಗೇಮ್ 'ಹಾಫ್ ಲೈಫ್' ನಿಂತದ್ದು ಇಡ್ ಕಂಪನಿಯದೇ 'ಕ್ವೇಕ್' ಎಂಜಿನ್ ಮೇಲೆ. ಹಾಫ್ ಲೈಫ್‌ಗೆ ಇಬ್ಬರು ಹುಡುಗರು ಮಾಡಿದ ಮಾಡ್ 'ಕೌಂಟರ್ ಸ್ಟ್ರೈಕ್'. ನಮ್ಮ ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದ ಆಟ ಅದೇ. 2003ರ ಮೊದಲ 'ಕಾಲ್ ಆಫ್ ಡ್ಯೂಟಿ' ಕೂಡ ಇಡ್‌ನ ಎಂಜಿನ್ ಬಳಸಿತ್ತು.

ಡೂಮ್ ಪ್ರಯೋಗಾಲಯಕ್ಕೂ ಹೋಯಿತು. ಪೋಲೆಂಡ್‌ನ ಸಂಶೋಧಕರು 2016ರಲ್ಲಿ 'ವಿಜ್‌ಡೂಮ್' ಎಂಬ ವೇದಿಕೆ ಮಾಡಿದರು. ಪರದೆ ನೋಡಿ ತಾನೇ ನಿರ್ಧಾರ ಮಾಡುವುದನ್ನು ಕೃತಕ ಬುದ್ಧಿಮತ್ತೆಗೆ ಇದರಲ್ಲಿ ಕಲಿಸುತ್ತಾರೆ.

ಫಾರ್ವರ್ಡ್ 1: "ಡೂಮ್ ಯಾವುದರ ಮೇಲಾದರೂ ಓಡುತ್ತದೆ"

ಬಹುಮಟ್ಟಿಗೆ ನಿಜ, ಆದರೆ ಒಂದು ಷರತ್ತು: ಅದರೊಳಗೆ ಸಾಕಷ್ಟು ಶಕ್ತಿಯ ಕಂಪ್ಯೂಟರ್ ಚಿಪ್ ಇರಬೇಕು. ಡೂಮ್ ಸಿ ಭಾಷೆಯಲ್ಲಿದೆ, ಕೋಡ್ ಎಲ್ಲರಿಗೂ ಸಿಗುತ್ತದೆ, ಬೇಕಾಗುವ ಮೆಮೊರಿ ಕಡಿಮೆ. ಹಾಗಾಗಿ ಹೊಸ ಉಪಕರಣ ಸಿಕ್ಕಿದ ಕೂಡಲೇ 'ಇದರಲ್ಲಿ ಡೂಮ್ ಓಡುತ್ತಾ?' ಎಂದು ನೋಡುವುದು ತಂತ್ರಜ್ಞರಿಗೆ ಒಂದು ಆಟವೇ ಆಗಿದೆ. ಒಂದೊಂದಾಗಿ ನೋಡೋಣ.

ಪ್ರೆಗ್ನೆನ್ಸಿ ಕಿಟ್: 2020ರಲ್ಲಿ ಹರಿದಾಡಿದ ವಿಡಿಯೋ ಇದು. ಇದನ್ನು ಮಾಡಿದವರೇ ಹೇಳಿದಂತೆ ಕಿಟ್‌ನ ಮೂಲ ಚಿಪ್ ಮತ್ತು ಪರದೆ ಎರಡನ್ನೂ ಬದಲಾಯಿಸಲಾಗಿತ್ತು. ಉಳಿದದ್ದು ಪ್ಲಾಸ್ಟಿಕ್ ಕವಚ ಮಾತ್ರ. ತೀರ್ಪು: ದಾರಿ ತಪ್ಪಿಸುವಂಥದ್ದು.

ಆಲೂಗಡ್ಡೆ: ನೂರಾರು ಆಲೂಗಡ್ಡೆ ಹೋಳುಗಳನ್ನು ಜೋಡಿಸಿ ಕರೆಂಟ್ ಪಡೆದದ್ದು ನಿಜ. ಆದರೆ ಗೇಮ್ ಓಡಿದ್ದು ಗ್ರಾಫಿಂಗ್ ಕ್ಯಾಲ್ಕುಲೇಟರ್‌ನಲ್ಲಿ, ಆಲೂಗಡ್ಡೆ ಬರೀ ಬ್ಯಾಟರಿ. ತೀರ್ಪು: ಅರ್ಧ ಸತ್ಯ.

ಬ್ಯಾಕ್ಟೀರಿಯಾ: ಅಮೆರಿಕದ ಎಂಐಟಿ ಸಂಶೋಧಕಿಯೊಬ್ಬರು ಹೊಳೆಯುವ ಇ. ಕೋಲಿ ಬ್ಯಾಕ್ಟೀರಿಯಾಗಳನ್ನು ಪರದೆಯ ಚುಕ್ಕಿಗಳಂತೆ ಬಳಸಿದರೆ ಏನಾಗಬಹುದು ಎಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ತೋರಿಸಿದರು. ಬ್ಯಾಕ್ಟೀರಿಯಾ ಗೇಮ್ ಓಡಿಸುವುದಿಲ್ಲ, ಚಿತ್ರ ತೋರಿಸುವುದಷ್ಟೇ ಅದರ ಕೆಲಸ. ಅವರ ಲೆಕ್ಕದಂತೆ ಒಂದು ಚಿತ್ರ ಮೂಡಲು ಸುಮಾರು 70 ನಿಮಿಷ ಬೇಕು, ಅಳಿಯಲು 8 ಗಂಟೆಗೂ ಹೆಚ್ಚು. ಇಡೀ ಗೇಮ್ ಮುಗಿಸಲು ಸುಮಾರು 600 ವರ್ಷ! ತೀರ್ಪು: ಫಾರ್ವರ್ಡ್‌ನಲ್ಲಿ ಹೇಳುವಂತೆ ಅಲ್ಲ.

ಪ್ರಿಂಟರ್: ನಿಜ. 2014ರಲ್ಲಿ ಬ್ರಿಟನ್ನಿನ ಭದ್ರತಾ ಸಂಶೋಧಕರೊಬ್ಬರು ಕ್ಯಾನನ್ ಪ್ರಿಂಟರ್‌ನ ಪರದೆಯಲ್ಲಿ ಡೂಮ್ ಓಡಿಸಿದರು. ಉದ್ದೇಶ ತಮಾಷೆಯಲ್ಲ. ಇಂಟರ್ನೆಟ್‌ಗೆ ಜೋಡಿಸಿದ ಪ್ರಿಂಟರ್‌ನೊಳಗೆ ಹೊರಗಿನವರು ಏನನ್ನು ಬೇಕಾದರೂ ತುರುಕಬಹುದು ಎಂದು ತೋರಿಸಲು.

ಟ್ರ್ಯಾಕ್ಟರ್: ಇದೂ ನಿಜ. 2022ರಲ್ಲಿ ಲಾಸ್ ವೇಗಸ್‌ನ ಹ್ಯಾಕರ್ ಸಮಾವೇಶದಲ್ಲಿ ಜಾನ್ ಡೀರ್ ಟ್ರ್ಯಾಕ್ಟರ್‌ನ ಡಿಸ್‌ಪ್ಲೇಯಲ್ಲಿ ಡೂಮ್ ಓಡಿಸಿ ತೋರಿಸಲಾಯಿತು. ದುಡ್ಡು ಕೊಟ್ಟು ಕೊಂಡ ಯಂತ್ರವನ್ನು ರಿಪೇರಿ ಮಾಡಿಕೊಳ್ಳುವ ಹಕ್ಕು ರೈತನಿಗೆ ಇರಬೇಕೋ, ಸಾಫ್ಟ್‌ವೇರ್ ಬೀಗದ ಕೀ ಕಂಪನಿಯ ಬಳಿಯೇ ಇರಬೇಕೋ ಎಂಬ ದೊಡ್ಡ ಜಗಳದ ಭಾಗ ಅದು.

ಕೊನೆಯ ಎರಡು ಉದಾಹರಣೆಗಳನ್ನು ನೆನಪಿಡಿ. ಬೀಗ ಮುರಿದಿದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಒಳಗೆ ಡೂಮ್ ಓಡಿಸಿ ತೋರಿಸಿದರೆ ಮಗುವಿಗೂ ಅರ್ಥವಾಗುತ್ತದೆ.

ಫಾರ್ವರ್ಡ್ 2: "ಡೂಮ್ ಆಡಿ ಕೊಲೆಗಾರರಾದರು"

ಇದು ತಮಾಷೆಯ ವಿಷಯವಲ್ಲ. 1999ರ ಏಪ್ರಿಲ್ 20ರಂದು ಅಮೆರಿಕದ ಕೊಲರಾಡೋ ರಾಜ್ಯದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿದರು. ಅಂದು 12 ವಿದ್ಯಾರ್ಥಿಗಳು ಮತ್ತು ಒಬ್ಬ ಶಿಕ್ಷಕರು ಪ್ರಾಣ ಕಳೆದುಕೊಂಡರು. ಗುಂಡು ಹಾರಿಸಿದವರು ಡೂಮ್ ಆಡುತ್ತಿದ್ದದ್ದು ನಿಜ. ಅವರಲ್ಲಿ ಒಬ್ಬ ಡೂಮ್‌ಗೆ ಲೆವೆಲ್‌ಗಳನ್ನು ಮಾಡಿ ಇಂಟರ್ನೆಟ್‌ನಲ್ಲಿ ಹಾಕಿದ್ದೂ ನಿಜ. ಆದರೆ ಅವನು ತನ್ನ ಶಾಲೆಯ ನಕ್ಷೆಯನ್ನೇ ಲೆವೆಲ್ ಮಾಡಿ ತಾಲೀಮು ನಡೆಸಿದ್ದ ಎಂಬುದಕ್ಕೆ ಆಧಾರವಿಲ್ಲ. ಸಿಕ್ಕಿರುವ ಅವನ ಲೆವೆಲ್‌ಗಳಲ್ಲಿ ಇರುವುದು ಎಂದಿನ ಡೂಮ್ ಶೈಲಿಯ ಕೋಣೆಗಳು, ಶಾಲೆಯಲ್ಲ.

ಸತ್ತ ಶಿಕ್ಷಕರ ಕುಟುಂಬ ಗೇಮ್ ಕಂಪನಿಗಳ ಮೇಲೆ ಹೂಡಿದ ದಾವೆಯನ್ನು ಅಮೆರಿಕದ ಫೆಡರಲ್ ಕೋರ್ಟ್ 2002ರಲ್ಲಿ ವಜಾ ಮಾಡಿತು. ಅಲ್ಲಿನ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನು ಅಧ್ಯಯನ ಮಾಡಿದಾಗ, 41 ದಾಳಿಕೋರರಲ್ಲಿ ಹಿಂಸೆಯ ವಿಡಿಯೋ ಗೇಮ್‌ಗಳಲ್ಲಿ ಆಸಕ್ತಿ ತೋರಿದ್ದವರು ಸುಮಾರು ಶೇ. 12 ಮಾತ್ರ.

ಹಾಗಾದರೆ ಇಂಥ ಗೇಮ್‌ಗಳಿಂದ ಏನೂ ಆಗುವುದಿಲ್ಲವೇ? ಅಷ್ಟು ಸಲೀಸಾಗಿ ಹೇಳುವಂತಿಲ್ಲ. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ತಿಳಿಸಿದ ಪ್ರಕಾರ, ಹಿಂಸೆಯ ಗೇಮ್‌ಗಳಿಗೂ ಕೂಗಾಡುವುದು, ತಳ್ಳಾಡುವುದು ಮುಂತಾದ ವರ್ತನೆಗೂ ಸಣ್ಣ ಸಂಬಂಧ ಕಂಡುಬಂದಿದೆ. ಆದರೆ ಕೊಲೆಯಂಥ ಹಿಂಸೆಗೆ ಗೇಮ್ ಕಾರಣ ಎನ್ನಲು ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ ಎಂದೂ ಅದೇ ಸಂಘ ಹೇಳಿದೆ. 2019ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಅಧ್ಯಯನದಲ್ಲಿ ಬ್ರಿಟನ್ನಿನ 14-15 ವಯಸ್ಸಿನ ಸುಮಾರು 1000 ಮಕ್ಕಳನ್ನು ನೋಡಿದಾಗ, ಹಿಂಸೆಯ ಗೇಮ್ ಆಡುವುದಕ್ಕೂ ಆಕ್ರಮಣಕಾರಿ ವರ್ತನೆಗೂ ಸಂಬಂಧ ಕಾಣಲಿಲ್ಲ.

ಗೇಮ್ ಮೇಲೆ ತಪ್ಪು ಹೊರಿಸಿ ಸುಮ್ಮನಾದರೆ ಬಂದೂಕು ಅವರ ಕೈಗೆ ಹೇಗೆ ಬಂತು, ಅವರು ಮೊದಲೇ ಕೊಟ್ಟ ಸೂಚನೆಗಳನ್ನು ಯಾರು ಗಮನಿಸಲಿಲ್ಲ ಎಂಬ ಪ್ರಶ್ನೆಗಳು ಮರೆಯಾಗುತ್ತವೆ. ಇಂಥ ಫಾರ್ವರ್ಡ್‌ನ ನಿಜವಾದ ಅಪಾಯ ಅದು.

ಮತ್ತೆ ಮಕ್ಕಳಿಗೆ ಡೂಮ್ ಕೊಡಬಹುದೇ?

ಚಿಕ್ಕ ಮಕ್ಕಳಿಗೆ ಖಂಡಿತ ಬೇಡ. ಡೂಮ್ ದೊಡ್ಡವರ ಗೇಮ್. ಅಮೆರಿಕದಲ್ಲಿ ಈ ಸರಣಿಗೆ 17 ವರ್ಷ ದಾಟಿದವರಿಗೆ ಎಂಬ ಗುರುತಿದೆ. ಆ ಗುರುತಿನ ಪದ್ಧತಿಗೂ ಡೂಮ್‌ಗೂ ಒಂದು ಕಾಕತಾಳೀಯವಿದೆ. ಗೇಮ್‌ಗಳಲ್ಲಿನ ಹಿಂಸೆಯ ಬಗ್ಗೆ ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆ ನಡೆದದ್ದು 1993ರ ಡಿಸೆಂಬರ್ 9ರಂದು, ಡೂಮ್ ಬಂದದ್ದು ಮರುದಿನ! ಆ ವಿಚಾರಣೆಯ ಬಿಸಿಯಿಂದಲೇ 1994ರಲ್ಲಿ ವಯಸ್ಸಿನ ಗುರುತು ಕೊಡುವ ಮಂಡಳಿ ಹುಟ್ಟಿತು. ಜರ್ಮನಿಯಂತೂ 1994ರಿಂದ 2011ರವರೆಗೆ ಡೂಮ್ ಅನ್ನು ಮಕ್ಕಳಿಗೆ ಮಾರದಂತೆ ತಡೆಪಟ್ಟಿಯಲ್ಲಿ ಇಟ್ಟಿತ್ತು. ನಮ್ಮ ಪ್ಲೇ ಸ್ಟೋರ್‌ನಲ್ಲೂ ಪ್ರತಿ ಗೇಮ್‌ನ ಪುಟದಲ್ಲಿ ವಯಸ್ಸಿನ ಗುರುತು ಇರುತ್ತದೆ. ಡೌನ್‌ಲೋಡ್ ಒತ್ತುವ ಮುನ್ನ ಒಮ್ಮೆ ನೋಡಿ.

'ಪಬ್‌ಜಿ ಹಿಂಸೆ ಕಲಿಸುತ್ತದೆ, ಅದಕ್ಕೇ ಸರ್ಕಾರ ಬ್ಯಾನ್ ಮಾಡಿತು' ಎನ್ನುವವರೂ ಇದ್ದಾರೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ಕೇಂದ್ರ ಸರ್ಕಾರ ತಡೆದಾಗ ಕೊಟ್ಟ ಕಾರಣ ದೇಶದ ಸಾರ್ವಭೌಮತೆ, ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ರಕ್ಷಣೆ. ಹಿಂಸೆ ಅಲ್ಲ.

ಮನೆಯಲ್ಲಿ ಗಮನಿಸಬೇಕಾದ್ದು ಬೇರೆಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 'ಗೇಮಿಂಗ್ ಡಿಸಾರ್ಡರ್' ಅನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಊಟ, ನಿದ್ದೆ, ಓದಿಗಿಂತ ಆಟವೇ ಮೊದಲಾಗುವುದು, ತೊಂದರೆ ಆಗುತ್ತಿದ್ದರೂ ಬಿಡಲಾಗದಿರುವುದು ಇದರ ಲಕ್ಷಣ. ಸಾಮಾನ್ಯವಾಗಿ ಇದು 12 ತಿಂಗಳಾದರೂ ಇರಬೇಕು. ರಜೆಯಲ್ಲಿ ನಾಲ್ಕು ದಿನ ಜಾಸ್ತಿ ಆಡಿದರೆ ಅದು ಕಾಯಿಲೆಯಲ್ಲ. ಬಂದೂಕಿನ ಗೇಮ್‌ನಿಂದ ಮಾತ್ರ ಹೀಗಾಗುತ್ತದೆ ಎಂದೂ ಇಲ್ಲ, ಕ್ಯಾಂಡಿ ಒಡೆಯುವ ಗೇಮ್‌ನಿಂದಲೂ ಆಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 'ಶಟ್' ಕ್ಲಿನಿಕ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಶೇರ್ ಮಾಡುವ ಮುನ್ನ

* 'ಇದರ ಮೇಲೆ ಡೂಮ್ ಓಡುತ್ತಿದೆ' ಎಂಬ ವಿಡಿಯೋ ಬಂದರೆ ಒಂದು ಪ್ರಶ್ನೆ ಕೇಳಿ: ಚಿಪ್ ಯಾವುದರದ್ದು? ಕಣ್ಣಿಗೆ ಕಾಣುವ ವಸ್ತು ಬರೀ ಕವಚವೋ, ಬ್ಯಾಟರಿಯೋ, ಪರದೆಯೋ ಆಗಿರಬಹುದು.
* 'ಈ ಗೇಮ್ ಆಡಿ ಕೊಲೆ ಮಾಡಿದ' ಎಂದು ಬಂದರೆ, ಆಡಿದ್ದು ಮತ್ತು ಆಡಿದ್ದರಿಂದಲೇ ಮಾಡಿದ್ದು ಎರಡೂ ಬೇರೆ ಎಂದು ನೆನಪಿಡಿ. ಕೋಟ್ಯಂತರ ಜನ ಆಡುತ್ತಾರೆ.
* 'ಡೂಮ್ ಪೂರ್ತಿ ಫ್ರೀ, ಈ ಲಿಂಕ್ ಒತ್ತಿ' ಎಂದು ಬಂದರೆ ಒತ್ತಬೇಡಿ. ಮುಕ್ತವಾಗಿರುವುದು ಕೋಡ್ ಮತ್ತು ಹಳೆಯ ಶೇರ್‌ವೇರ್ ಭಾಗ, ಪೂರ್ತಿ ಗೇಮ್‌ನ ಚಿತ್ರ ಮತ್ತು ಲೆವೆಲ್‌ಗಳಲ್ಲ. ಉಚಿತವಾಗಿಯೇ ಬೇಕಿದ್ದರೆ ಅದೇ ಕೋಡ್ ಮೇಲೆ ಸ್ವಯಂಸೇವಕರು ಕಟ್ಟಿರುವ 'ಫ್ರೀಡೂಮ್' ಇದೆ. ಗುರುತಿಲ್ಲದವರು ಕಳಿಸುವ ಎಪಿಕೆ ಫೈಲ್‌ನಲ್ಲಿ ಗೇಮ್ ಬದಲು ನಿಮ್ಮ ಬ್ಯಾಂಕ್ ಖಾತೆಗೆ ಕನ್ನ ಹಾಕುವ ಪ್ರೋಗ್ರಾಂ ಇರಬಹುದು.

ರಕ್ತ ಹರಿಸುವ ಗೇಮ್‌ಗಳು ಸಾವಿರ ಬಂದು ಮರೆತುಹೋಗಿವೆ. ಡೂಮ್ ಉಳಿದದ್ದು ಅದರ ಒಳಗನ್ನು ಎಲ್ಲರೂ ನೋಡಬಹುದು, ಕಲಿಯಬಹುದು, ಬದಲಿಸಬಹುದು ಎಂಬ ಕಾರಣಕ್ಕೆ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಗೇಮ್ ಹುಚ್ಚಿನವರಾಗಿದ್ದರೆ, 'ಇದು ಹೇಗೆ ಓಡುತ್ತೆ ಹೇಳು ನೋಡೋಣ' ಎಂದು ಒಮ್ಮೆ ಕೇಳಿ. ಡೂಮ್‌ನ ಕೋಡ್ ಇವತ್ತಿಗೂ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಗುತ್ತದೆ.